ಮೀನುಗಳು ಮುಟ್ಟದ ಅನ್ನ

ನಮ್ಮೂರ ಗುಡಿಯ ಕಲ್ಯಾಣಿಯ ಮೀನುಗಳು ನನ್ನ ಅತ್ತಿಗೆಯ ಮುಖವನ್ನೇ ನೋಡುತ್ತ ನಿಂತವು ಎಂದು ಈವರೆಗೆ ಹತ್ತಾರು ಜನಕ್ಕೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಒಳಗೊಳಗೇ ನಾಚಿಕೆಯಾಗಿದೆ. ಮೀನಿಗೆ ರೆಪ್ಪೆ ಇಲ್ಲ. ಕಣ್ಣು ಯಾವಾಗಲೂ ತೆರೆದೇ ಇರುತ್ತದೆ, ಅದೂ ತಲೆಯ ಎರಡು ಪಕ್ಕಕ್ಕೆ. ಅದು ಯಾರನ್ನು ನೋಡುತ್ತಿದೆ ಎಂದು ದಡದ ಮೇಲೆ ನಿಂತವನು ಹೇಳಲಾರ. ನಾನು ಪ್ರಾಣಿಶಾಸ್ತ್ರ ಓದಿದವನು, ಇದು ಆಗಲೂ ಗೊತ್ತಿತ್ತು. ಆದರೂ ನೆನಪಿನಲ್ಲಿ ಅವು ನೋಡುತ್ತಲೇ ಇವೆ. ಆ ಬೇಸಿಗೆಯಲ್ಲಿ ಕಣ್ಣಾರೆ ಕಂಡದ್ದೆಷ್ಟು, ಹೇಳಿ ಹೇಳಿ ಬೆಳೆದದ್ದೆಷ್ಟು ಎಂದು ಬೇರೆ ಮಾಡಲು ಎಷ್ಟೋ ಸಲ ಕೂತಿದ್ದೇನೆ. ಆಗಿಲ್ಲ. ಇದ್ದ ಹಾಗೆ ಬರೆಯುತ್ತೇನೆ.

ಯುದ್ಧದ ಕೊನೆಯ ವರ್ಷಗಳು. ನಮ್ಮೂರು ಸೂಲಿಬೆಲೆಯಿಂದ ಮೂರು ಮೈಲಿ ಒಳಕ್ಕೆ. ಬೆಂಗಳೂರಿನ ಕಾಲೇಜಿನಿಂದ ರಜೆಗೆ ಬಂದಿದ್ದೆ, ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ, ಏರು ಸಿಕ್ಕ ಕಡೆಯೆಲ್ಲ ಇಳಿದು ತಳ್ಳುತ್ತ. ಅಣ್ಣ ಮಿಲಿಟರಿಯಲ್ಲಿ ಲಾರಿ ಓಡಿಸಲು ಸೇರಿ ಬರ್ಮಾ ಕಡೆಗೆ ಹೋಗಿದ್ದ. ಅವನ ಕಾಗದ ಬಂದು ಒಂಬತ್ತು ತಿಂಗಳಾಗಿತ್ತು. ಸತ್ತನೆಂದು ತಂತಿ ಬಂದಿರಲಿಲ್ಲ. ಕಾಣೆಯಾದನೆಂದೂ ಬಂದಿರಲಿಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ಮನೆಯ ಮಾತೆಲ್ಲ ಅವ್ವನದು. ಅಣ್ಣನ ಹೆಂಡತಿಗೆ ಆಗ ಇಪ್ಪತ್ತು ಇರಬಹುದು. ಅವಳು ಗಂಡನ ಜೊತೆ ಬಾಳಿದ್ದು ಒಂದು ವರ್ಷವೂ ತುಂಬಿರಲಿಲ್ಲ. ಆ ಬೇಸಿಗೆಯಲ್ಲಿ ತೀರ್ಮಾನವಾಗಬೇಕಿದ್ದದ್ದು ಒಂದೇ. ಅವಳ ಕೈಯಲ್ಲಿ ಬಳೆ ಇರಬೇಕೋ ಬೇಡವೋ.

ತೀರ್ಮಾನಿಸಲು ನಮ್ಮೂರಿನಲ್ಲಿ ಒಂದು ಪದ್ಧತಿ ಇತ್ತು. ಅದಕ್ಕೆ ತುತ್ತು ಬಿಡೋದು ಎನ್ನುತ್ತಿದ್ದರು. ದೂರ ಹೋದವನ ಸುದ್ದಿ ಇಲ್ಲದಿದ್ದರೆ ಅವನ ಹೆಂಡತಿ ಉಪವಾಸವಿದ್ದು, ಹೊಸ ಮಡಕೆಯಲ್ಲಿ ಅನ್ನ ಮಾಡಿ, ಈಶ್ವರನ ಗುಡಿಯ ಕಲ್ಯಾಣಿಗೆ ಅವನ ಪಾಲೆಂದು ಒಂದು ಬೊಗಸೆ ಬಿಡಬೇಕು. ಹೀಗೆ ಮೂರು ಸೋಮವಾರ. ಮೀನು ತಿಂದರೆ ಅವನು ಎಲ್ಲೋ ಉಣ್ಣುತ್ತಿದ್ದಾನೆ ಎಂದರ್ಥ. ಮೂರು ಸಲವೂ ಮುಟ್ಟದಿದ್ದರೆ ಅವನು ಉಣ್ಣುವವರ ಪೈಕಿ ಇಲ್ಲ. ಆಮೇಲೆ ಯಾರೂ ಏನೂ ಹೇಳುವುದಿಲ್ಲ. ಹೆಂಗಸರು ಒಳಗೆ ಕರೆದುಕೊಂಡು ಹೋಗುತ್ತಾರೆ, ಅಷ್ಟೆ.

ನಮ್ಮದು ಮುದ್ದೆ ಉಣ್ಣುವ ಮನೆ. ಅಕ್ಕಿ ಹಬ್ಬಕ್ಕೆ ಮಾತ್ರ, ಯುದ್ಧ ಬಂದ ಮೇಲೆ ಹಬ್ಬಕ್ಕೂ ಇಲ್ಲ. ಅವ್ವ ಎಲ್ಲಿಂದ ತಂದಳೋ, ಒಂದು ಪಾವು ಬಿಳಿ ಅಕ್ಕಿ ತಂದಿದ್ದಳು.

ಮೊದಲ ಸೋಮವಾರ ಬೆಳಗ್ಗೆ ನಾನೂ ಹೋದೆ. ತಮಾಷೆ ನೋಡಲು ಹೋದೆ ಎಂದೇ ಹೇಳಬೇಕು. ಕಲ್ಯಾಣಿಯಲ್ಲಿ ಇದ್ದದ್ದು ಗೆಂಡೆ ಮೀನು. ಯಾರೂ ಹಿಡಿಯುತ್ತಿರಲಿಲ್ಲವಾದ್ದರಿಂದ ಕೆಲವು ಮೊಳದುದ್ದ ಬೆಳೆದಿದ್ದವು. ಬೇರೆ ದಿನಗಳಲ್ಲಿ ಯಾರಾದರೂ ಒಂದು ಹಿಡಿ ಪುರಿ ಎಸೆದರೆ ನೀರು ಕುದಿಯುವ ಹಾಗಾಗಿ ಮೆಟ್ಟಿಲ ಮೇಲೆ ನಿಂತವರ ಕಾಲಿಗೆ ಸಿಡಿಯುತ್ತಿತ್ತು. ಅತ್ತಿಗೆ ನೀರಿಗೆ ತಾಗಿದ ಮೆಟ್ಟಿಲಲ್ಲಿ ಕೂತು ಅನ್ನ ಬಿಟ್ಟಳು. ಮೀನುಗಳು ಬಂದವು. ಒಂದರ ಪಕ್ಕ ಒಂದು, ಮೂತಿಗಳೆಲ್ಲ ಅವಳ ಕಡೆಗೆ, ಬಾಯಿ ತೆರೆದು ಮುಚ್ಚುತ್ತ. ಅಗುಳುಗಳು ಬಿಳಿ ಬಿಳಿಯಾಗಿ ಆ ಬಾಯಿಗಳ ಮುಂದೆಯೇ ನಿಧಾನವಾಗಿ ಕೆಳಗಿಳಿದು ಹಸಿರು ನೀರಿನಲ್ಲಿ ಮರೆಯಾದವು. ಒಂದೂ ಬಾಯಿ ಹಾಕಲಿಲ್ಲ. ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವೂ ಹಿಂದಕ್ಕೆ ಸರಿದು ಅನ್ನ ಹೋದ ಕಡೆಗೇ ಇಳಿದುಹೋದವು.

"ಇನ್ನೊಂದು ಬೊಗಸೆ ಹಾಕ್ಲಿ ಬಿಡಿ" ಎಂದೆ.

"ಎರಡನೇದು ಇಲ್ಲ ಕಣಪ್ಪ" ಎಂದ ಗುಡಿಯ ಮುದಿ ಪೂಜಾರಿ. "ಒಂದು ಸೋಮವಾರಕ್ಕೆ ಒಂದೇ ಸಲ ಕೇಳೋದು."

ಮನೆಗೆ ಬರುವಾಗ ಅತ್ತಿಗೆ ಎರಡು ಕೈಯನ್ನೂ ಸೆರಗಿನೊಳಗೆ ಅದುಮಿಕೊಂಡಿದ್ದಳು. ಬಳೆ ಸದ್ದು ಮಾಡಬಾರದೆಂದು ಹಾಗೆ ಹಿಡಿದಿದ್ದಾಳೆ ಎಂದು ನನಗೆ ಅರ್ಧ ದಾರಿಯಲ್ಲಿ ಹೊಳೆಯಿತು.

ಆ ಮಧ್ಯಾಹ್ನವೇ ಅವ್ವನಿಗೆ ಹೇಳಿದೆ. "ಅವ್ವ, ಇದು ಮೀನು ಮೊಟ್ಟೆ ಕಟ್ಟೋ ಕಾಲ. ಮೊದಲ ಮಳೆಗೆ ಮೊಟ್ಟೆ ಇಡ್ತವೆ. ಅಲ್ಲೀವರೆಗೂ ಊಟ ಸೇರಲ್ಲ. ಬಸುರಿಯರ ಹಾಗೆ."

ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. "ನಾನು ಐದು ಹೆತ್ತೆ. ಯಾವ ಬಸುರಿನಾಗೆ ಊಟ ಬಿಟ್ಟಿದ್ದೆ? ನಿನ್ನ ಹೊತ್ತಾಗ ಹಿತ್ತಲ ಗೋಡೆ ಮಣ್ಣೂ ಬಿಡಲಿಲ್ಲ."

"ಮೀನಿನ ವಿಷಯ ಬೇರೆ."

"ಹಂಗಾದ್ರೆ ಬಸುರಿಯರ ಹಂಗೆ ಅನ್ಬೇಡ."

ಮೊಟ್ಟೆ ಕಟ್ಟಿದ ಮೀನು ಊಟ ಬಿಡುತ್ತದೆಂದು ನನಗೂ ಖಚಿತವಾಗಿ ಗೊತ್ತಿರಲಿಲ್ಲ. ಓದಿದ್ದು ಅಷ್ಟೇ, ನೋಡಿರಲಿಲ್ಲ. ಎರಡು ದಿನ ಬಿಟ್ಟು, ಮಟಮಟ ಮಧ್ಯಾಹ್ನದಲ್ಲಿ, ಒಂದು ಪಂಚೆ ಹಿಡಿದು ಕಲ್ಯಾಣಿಗೆ ಹೋದೆ. ಆ ಹೊತ್ತಿನಲ್ಲಿ ನಮ್ಮೂರಿನವರು ಆ ನೀರಿನ ಹತ್ತಿರ ಸುಳಿಯುತ್ತಿರಲಿಲ್ಲ, ಅದಕ್ಕೆ ಕಾರಣವನ್ನೂ ಹೇಳುತ್ತಿರಲಿಲ್ಲ. ಬಿಸಿಲಿಗೆ ಕಲ್ಲುಗಳೆಲ್ಲ ಬೆಳ್ಳಗಾಗಿದ್ದವು, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಮೂಲೆಯ ಮೆಟ್ಟಿಲ ಹತ್ತಿರ ನಿಂತಿದ್ದ ಒಂದು ಮೀನಿನ ಕೆಳಗೆ ಪಂಚೆ ಬಿಟ್ಟೆ. ಅದು ಓಡಲಿಲ್ಲ. ಎತ್ತಿದೆ, ಬಂತು. ಅಷ್ಟು ಸುಲಭವಾಗಿ ಬಂದದ್ದು ಯಾಕೋ ನನಗೆ ಇಷ್ಟವಾಗಲಿಲ್ಲ.

ಗುಡಿಯ ಹಿಂದಿನ ಲಂಟಾನದ ಪೊದೆಯ ಮರೆಯಲ್ಲಿ ಕೂತು ಕೊಯ್ದೆ. ಹೊಟ್ಟೆ ತುಂಬ ಮೊಟ್ಟೆ, ನವಣೆ ಕಾಳು ಕಿಕ್ಕಿರಿದ ಹಾಗೆ. ಕರುಳು ಅವುಗಳ ನಡುವೆ ನೂಲಿನ ಹಾಗೆ ಅಂಟಿಕೊಂಡಿತ್ತು, ಒಳಗೆ ಏನೂ ಇಲ್ಲ. ಜಾಗ ಇಲ್ಲದ್ದಕ್ಕೆ ತಿನ್ನುವುದಿಲ್ಲ ಎಂದು ಮೊದಲು ಅಂದುಕೊಂಡೆ. ಆಮೇಲೆ, ಜಾಗ ಇಲ್ಲವೆಂದು ಹೊಟ್ಟೆಗೆ ಗೊತ್ತಾದರೂ ಬಾಯಿಗೆ ಹೇಳುವವರು ಯಾರು ಎಂಬ ಪ್ರಶ್ನೆ ಬಂತು. ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಎರಡನೆಯ ಸೋಮವಾರವೂ ಅವು ಬಂದವು, ಸಾಲು ನಿಂತವು, ಮುಟ್ಟಲಿಲ್ಲ. ಅವ್ವ ಅಳಲಿಲ್ಲ. ಮಡಕೆಯಲ್ಲಿ ಉಳಿದ ಅನ್ನವನ್ನು ಕಾಗೆಗೆ ಹಾಕಿಸಿದಳು. ಅತ್ತಿಗೆ ಅವತ್ತಿನಿಂದ ಮನೆಯಲ್ಲಿ ಊಟಕ್ಕೆ ಕೂರುವಳು, ಮುದ್ದೆಯನ್ನು ಮುರಿದು ಸಾರಿನಲ್ಲಿ ಹೊರಳಿಸುವಳು, ಬಾಯಿಗೆ ಇಡುವುದು ಮಾತ್ರ ಕಾಣುತ್ತಿರಲಿಲ್ಲ.

ನಾನು ಪೂಜಾರಿಯನ್ನು ಹುಡುಕಿಕೊಂಡು ಹೋದೆ. ಅವನು ಗುಡಿಯ ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತ ಕೂತಿದ್ದ.

"ಇದನ್ನು ಯಾವಾಗಲೂ ವೈಶಾಖದಲ್ಲೇ ಮಾಡ್ತಿದ್ರಾ?"

"ಎಲ್ಲಾದ್ರೂ ಉಂಟಾ? ಶ್ರಾವಣದಾಗೆ ಮಾಡ್ಬೇಕಾದ್ದು. ಶ್ರಾವಣ ಸೋಮವಾರ."

"ಮತ್ತೆ ನೀವು ಯಾಕೆ ಒಪ್ಕೊಂಡ್ರಿ?"

"ನಿಮ್ಮವ್ವ ಬಂದು ನಿಂತ್ಕಂಡು ಕೇಳಿದ್ರೆ, ಬೇಡ ಅಂತ ಬಾಯಿ ಮುಚ್ಕಳಕ್ಕೆ ನಾನೇನು ಮೀನಾ?"

"ಶ್ರಾವಣದಲ್ಲಿ ಮೀನು ಅನ್ನ ತಿನ್ನದೆ ಬಿಟ್ಟದ್ದು ನೋಡಿದ್ದೀರಾ?"

ಅವನು ಕುಟ್ಟುವುದನ್ನು ನಿಲ್ಲಿಸಿ ಯೋಚಿಸಿದ. "ಇಲ್ಲ. ನಮ್ಮಪ್ಪನೂ ನೋಡಿರಲಿಲ್ಲ."

ನನಗೆ ಅಲ್ಲೇ ಎಲ್ಲ ತಿಳಿಯಾಯಿತು. ಶ್ರಾವಣದ ಹೊತ್ತಿಗೆ ಮೀನು ಮೊಟ್ಟೆ ಇಟ್ಟು ಮುಗಿಸಿ ಹಸಿದು ನಿಂತಿರುತ್ತದೆ. ಕಲ್ಲು ಬಿಟ್ಟು ಬೇರೆ ಏನು ಹಾಕಿದರೂ ತಿನ್ನುತ್ತದೆ. ಈ ಪದ್ಧತಿ ಮಾಡಿದವರು ಯಾರೋ, ಇದನ್ನು ನೋಡಿ ತಿಳಿದೇ ಮಾಡಿದ್ದರು. ಪ್ರಶ್ನೆ ಕೇಳಲು ಒಂದು ಕಾಲ ಗೊತ್ತು ಮಾಡಿ, ಆ ಕಾಲದಲ್ಲಿ ಒಂದೇ ಉತ್ತರ ಬರುವ ಹಾಗೆ ನೋಡಿಕೊಂಡಿದ್ದರು. ದೂರ ಹೋದವನ ಹೆಣ ಬರುವವರೆಗೂ ಅವನ ಹೆಂಡತಿ ಮುತ್ತೈದೆ. ಬರಿಯ ಕುರುಡು ನಂಬಿಕೆ ಎಂದು ನಾನು ನಗುತ್ತಿದ್ದದ್ದರ ಒಳಗೆ ಇಷ್ಟು ಕರುಣೆಯೂ ಇಷ್ಟು ಜಾಣತನವೂ ಇದ್ದವು.

ಓಡಿಬಂದು ಅವ್ವನಿಗೆ ಹೇಳಿದೆ. ಶ್ರಾವಣದವರೆಗೂ ತಡೆಯಿರಿ, ಮೂರನೆಯದನ್ನು ಆಗ ಬಿಡಿ, ಖಂಡಿತ ತಿನ್ನುತ್ತವೆ ಎಂದೆ.

ಅವ್ವ ನನ್ನ ಮುಖ ನೋಡಿದ ರೀತಿ ನೆನಪಿದೆ. ದಡ್ಡನನ್ನು ನೋಡುವ ಹಾಗೆ.

"ಶ್ರಾವಣದಾಗೆ ಮೀನು ಎಲ್ಲಾ ತಿಂತಾವೆ ಅಂತ ನಂಗೆ ಗೊತ್ತಿಲ್ವೇನ್ಲಾ? ಮದುವೆಯಾಗಿ ಈ ಊರಿಗೆ ಬಂದಾಗಿಂದ ನೋಡ್ತಾ ಇದ್ದೀನಿ. ಅದಕ್ಕೇ ಈಗ ಕೇಳ್ತಿರೋದು. ನಂಗೆ ಸಮಾಧಾನ ಬೇಕಾಗಿಲ್ಲ. ನಿಜ ಬೇಕು."

ಇಂಥ ಮಾತನ್ನು ನಾನು ಯಾವ ಮೇಷ್ಟರ ಬಾಯಿಂದಲೂ ಕೇಳಿರಲಿಲ್ಲ. ಯಾವಾಗಲೂ ಹೌದು ಎನ್ನುವ ಪರೀಕ್ಷೆ ಪರೀಕ್ಷೆಯೇ ಅಲ್ಲ, ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು, ತಾನು ಆರಿಸಿಕೊಂಡ ತಿಂಗಳಲ್ಲಿ ಅದೇ ಪರೀಕ್ಷೆ ಯಾವಾಗಲೂ ಇಲ್ಲ ಎನ್ನುತ್ತದೆ ಎಂಬುದು. ಇದನ್ನು ಅವಳಿಗೆ ಮುಟ್ಟಿಸಲು ಮತ್ತೆ ಮತ್ತೆ ನೋಡಿದೆ. ಮೀನಿಗೆ ತಿನ್ನುವ ಮನಸ್ಸಿದ್ದರೆ ಯಾವ ತಿಂಗಳಾದರೇನು ಎಂದಳು. ಮೂರನೆಯ ಸೋಮವಾರಕ್ಕೆ ಐದು ದಿನ ಉಳಿದಿತ್ತು.

ಮಾರನೆಯ ದಿನ ಬೆಂಗಳೂರಿಗೆ ಹೋದೆ. ನಮ್ಮ ಮೇಷ್ಟರು ಕಾಲೇಜಿನ ಹಿಂದೆಯೇ ಒಂದು ಸಣ್ಣ ಮನೆಯಲ್ಲಿದ್ದರು. ನಾನು ಕಾರಣ ಹೇಳಲಿಲ್ಲ. ಮೊಟ್ಟೆ ತುಂಬಿದ ಮೀನು ಬೇಗ ಮೊಟ್ಟೆ ಇಡುವ ಹಾಗೆ ಮಾಡಬಹುದೇ ಎಂದಷ್ಟೇ ಕೇಳಿದೆ. ಅವರು ಪಾಠ ಹೇಳುವ ಉತ್ಸಾಹದಲ್ಲೇ ಹೇಳಿದರು. ಮೀನಿನ ಮೆದುಳಿನ ಬುಡದಲ್ಲಿ, ಮೂಳೆಯ ಒಂದು ಗುಳಿಯೊಳಗೆ, ಸಾಸಿವೆ ಕಾಳಿನಷ್ಟು ಬಿಳಿಯ ಗ್ರಂಥಿ ಇದೆ. ಮೊಟ್ಟೆ ಯಾವಾಗ ಇಡಬೇಕೆಂದು ಹೊಟ್ಟೆಗೆ ಹೇಳುವುದು ಅದು. ಹೊರದೇಶದಲ್ಲೆಲ್ಲೋ ಅದನ್ನು ತೆಗೆದು, ಉಪ್ಪುನೀರಿನಲ್ಲಿ ಅರೆದು, ಬೇರೆ ಮೀನಿಗೆ ಚುಚ್ಚಿ ಮೊಟ್ಟೆ ಇಡಿಸಿದ್ದಾರಂತೆ.

"ಅದು ಊಟಕ್ಕೂ ಹೇಳುತ್ತಾ ಸಾರ್?" ಎಂದು ಕೇಳಿದೆ.

"ಯಾರಿಗೆ ಗೊತ್ತಪ್ಪ? ನೀನು ನೋಡಿ ಹೇಳು" ಎಂದು ನಕ್ಕರು. ಪ್ರಯೋಗಾಲಯದ ಸೂಜಿಯನ್ನೂ ಒಂದು ಸಣ್ಣ ಗಾಜಿನ ಒರಳನ್ನೂ ಕೊಟ್ಟರು.

ಶನಿವಾರ ಸೂಲಿಬೆಲೆಯಲ್ಲಿ ಕೆರೆ ಮೀನು ಮಾರುವವಳ ಹತ್ತಿರ ಗೆಂಡೆಯ ತಲೆಗಳನ್ನಷ್ಟೇ ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೈ ಯಾರು ತಿಂತಾರೆ ಸ್ವಾಮಿ, ನಿಮ್ಮ ಬೆಕ್ಕಾ?" ಎಂದಳು. ಊರಿಗೆ ತಂದು ಅದೇ ಲಂಟಾನದ ಮರೆಯಲ್ಲಿ ಕೂತು ತಲೆಬುರುಡೆ ಬಿಚ್ಚಿ ಮೆದುಳೆತ್ತಿ ನೋಡಿದೆ. ಅಲ್ಲಿತ್ತು. ಮುತ್ತಿನ ಪುಡಿಯಷ್ಟು. ಅಷ್ಟು ಸಣ್ಣ ವಸ್ತು ಒಂದು ಪ್ರಾಣಿಗೆ ತಿನ್ನು, ತಿನ್ನಬೇಡ ಎನ್ನಬಹುದು, ಆ ಪ್ರಾಣಿ ಅದನ್ನು ತನ್ನದೇ ಮನಸ್ಸು ಎಂದುಕೊಳ್ಳಬಹುದು. ನನ್ನ ತಲೆಯೊಳಗೂ ಅಂಥದೊಂದು ಇದೆ ಎಂದು ನನಗೆ ಗೊತ್ತಿತ್ತು.

ಗ್ರಂಥಿಗಳನ್ನು ಉಪ್ಪುನೀರಿನಲ್ಲಿ ಅರೆದುಕೊಂಡು, ಕಲ್ಯಾಣಿಗಿಳಿದು ಪಂಚೆಯಲ್ಲಿ ಎರಡು ಮೀನು ಹಿಡಿದೆ. ಅವೂ ಓಡಲಿಲ್ಲ. ಮೊದಲನೆಯದಕ್ಕೆ ಚುಚ್ಚಿ ನೀರಿಗೆ ಬಿಟ್ಟು, ಎರಡನೆಯದಕ್ಕೆ ಚುಚ್ಚುತ್ತಿರುವಾಗ ಮೆಟ್ಟಿಲ ಮೇಲೆ ಅತ್ತಿಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಏನು ಮಾಡ್ತಿದ್ದೀಯಪ್ಪ?"

"ಮೀನಿಗೆ ಹಸಿವು ಬರೋ ಔಷಧಿ."

ಅವಳು ಇಳಿದು ಬಂದು ಸೂಜಿಯನ್ನು ನೋಡಿದಳು. "ನಂಗೂ ಒಂದು ಚುಚ್ಚು. ಅನ್ನ ಸೇರದೆ ಎಷ್ಟು ದಿನ ಆಯ್ತು."

ನಾನು ನಗಲು ಹೋದೆ. ಅವಳು ನಗುತ್ತಿರಲಿಲ್ಲ.

"ಹಿಂಗೆ ತಿನ್ನಿಸಿದ್ರೆ ಅದು ಸುಳ್ಳಾಗಲ್ವಾ?" ಎಂದೆ. ಯಾಕೆ ಅವಳನ್ನು ಕೇಳಿದೆನೋ ಗೊತ್ತಿಲ್ಲ.

"ಸುಳ್ಳೋ ನಿಜವೋ ನಿಮ್ಮವ್ವಂಗೆ. ನಂಗೆ ತಿಂದ್ರೆ ಸಾಕು" ಎಂದು ಹೇಳಿ ಹತ್ತಿ ಹೋದಳು. ಮನೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಹೋಗಿ ನೋಡಿದರೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ರೆಕ್ಕೆಯ ಹಿಂದೆ ಸೂಜಿಯ ಗುರುತಿತ್ತು. ತೆಗೆದು ಹೂತೆ. ಇನ್ನೊಂದು ಕಾಣಲಿಲ್ಲ. ಅಲ್ಲಿಗೆ ನನ್ನ ಔಷಧಿ ಉಳಿದಿದ್ದರೆ ಒಂದು ಮೀನಿನೊಳಗೆ, ನೂರಾರು ಮೀನಿನ ನಡುವೆ.

ಮೂರನೆಯ ಸೋಮವಾರ. ಅತ್ತಿಗೆ ಕೆಳಗಿನ ಮೆಟ್ಟಿಲಿಗೆ ಇಳಿಯುವ ಮುಂಚೆಯೇ ಅವು ಬಂದು ನಿಂತಿದ್ದವು. ಅವ್ವ ನನ್ನ ಪಕ್ಕದಲ್ಲಿದ್ದಳು, ಅವಳ ಉಸಿರು ಕೇಳಿಸುತ್ತಿತ್ತು. ಅತ್ತಿಗೆ ಬೊಗಸೆ ತಗ್ಗಿಸಿದಳು. ಅಗುಳು ನೀರು ಮುಟ್ಟಿತೋ ಇಲ್ಲವೋ, ಒಂದು ಮೀನು ಅವಳ ಬೆರಳಿನ ಸಂದಿಯಿಂದಲೇ ಕಿತ್ತುಕೊಂಡಿತು. ಆಮೇಲೆ ಎಲ್ಲವೂ. ಸದ್ದಿಲ್ಲದೆ ತಿಂದವು, ನನಗೆ ಅದಕ್ಕೇ ಹೆದರಿಕೆಯಾದದ್ದು. ನೀರು ಕುದಿಯಲಿಲ್ಲ, ಸಿಡಿಯಲಿಲ್ಲ. ಒಂದರ ಮೇಲೊಂದು ಬೀಳದೆ, ಪಂಕ್ತಿಯಲ್ಲಿ ಕೂತವರ ಹಾಗೆ, ಕೊನೆಯ ಅಗುಳಿನವರೆಗೆ ತಿಂದು ನಿಂತವು. ಅವಳ ಮುಖ ನೋಡಿದವು ಎಂದು ನಾನು ಹೇಳುವುದು ಆ ಹೊತ್ತಿನ ಬಗ್ಗೆ.

ಅತ್ತಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಮಡಕೆಯನ್ನು ಮಡಿಲಿಗೆ ಎಳೆದುಕೊಂಡಳು. ಉಳಿದ ಅನ್ನವನ್ನು ಬರಿ ಕೈಯಲ್ಲಿ ತಿನ್ನತೊಡಗಿದಳು, ಉಪ್ಪಿಲ್ಲ, ಸಾರಿಲ್ಲ. ಪೂಜಾರಿ ಏನೋ ಹೇಳಲು ಬಾಯಿ ತೆರೆದ. ಅವ್ವ ಕೈ ಅಡ್ಡ ಹಿಡಿದಳು. "ತಿನ್ಲಿ ಬಿಡು" ಎಂದಳು.

ಅಣ್ಣ ಯುದ್ಧ ಮುಗಿದ ಮೇಲೆ ಬಂದ, ಅರ್ಧ ಆಳಾಗಿ. ಅಸ್ಸಾಮಿನ ಯಾವುದೋ ಆಸ್ಪತ್ರೆಯಲ್ಲಿ ಜ್ವರದಲ್ಲಿ ಮಲಗಿದ್ದನಂತೆ, ಹೆಸರು ತಪ್ಪಾಗಿ ಬರೆದುಕೊಂಡಿದ್ದರಿಂದ ಕಾಗದ ಹೋಗಲಿಲ್ಲವಂತೆ. ಒಂದು ದಿನ ಊಟ ಮಾಡುತ್ತ ತಾನಾಗಿಯೇ ಹೇಳಿದ, "ವಾರಗಟ್ಟಲೆ ಬಾಯಿ ತೆರೆದಿರಲಿಲ್ಲ ಕಣೋ. ಹಸಿವು ಅನ್ನೋದೇ ಮರೆತೋಗಿತ್ತು. ಒಂದಿನ ಬೆಳಗ್ಗೆ ಇದ್ದಕ್ಕಿದ್ದಂಗೆ ಅನ್ನ ಬೇಕು ಅನ್ನಿಸ್ತು." ಯಾವ ತಿಂಗಳು ಎಂದು ಕೇಳಬೇಕಿತ್ತು. ವಿಜ್ಞಾನ ಓದಿದವನು ಮೊದಲು ಕೇಳಬೇಕಾದ ಪ್ರಶ್ನೆ. ಕೇಳಲಿಲ್ಲ. ಈಗ ಕೇಳಲು ಅವನಿಲ್ಲ.

ಮೀನಿನ ಹಸಿವಿನ ಬಗ್ಗೆ ಆಮೇಲೆ ಬಹಳ ಗೊತ್ತಾಗಿದೆ. ಸಾಕು ಎನ್ನುವ ರಸ ಕರುಳಿನಿಂದ ಹೋಗುತ್ತದೆ, ಬೇಕು ಎನ್ನುವುದು ಹೊಟ್ಟೆಯಿಂದ. ಮೆದುಳಿನಲ್ಲೇ ಎರಡೂ ಕಡೆಯ ವಕೀಲರಿದ್ದಾರೆ. ನಾನು ಅರೆದು ಚುಚ್ಚಿದ ಗ್ರಂಥಿಯಲ್ಲಿ ಮೊಟ್ಟೆ ಇಡಿಸುವ ಹಾರ್ಮೋನ್ ಒಂದೇ ಇರಲಿಲ್ಲ. ಮೈ ಬೆಳೆಸುವ ಹಾರ್ಮೋನೂ ಇತ್ತು, ಅದು ಮೀನಿಗೆ ಹಸಿವು ಕೆರಳಿಸುತ್ತದೆ ಎಂದು ಈಗ ಹೇಳುತ್ತಾರೆ. ಇದನ್ನೆಲ್ಲ ಓದಿದಾಗ ಒಂದೊಂದು ಸಲ ಸಮಾಧಾನವಾಗುತ್ತಿತ್ತು. ಆದರೆ ಒಂದು ಮೀನಿಗೆ ಚುಚ್ಚಿದ್ದು ಇಡೀ ಕಲ್ಯಾಣಿಗೆ ಹೇಗೆ ತಾಕೀತು?

ಅದಕ್ಕೆ ನನ್ನ ಹತ್ತಿರ ಗಟ್ಟಿಯಾದ ಉತ್ತರವಿತ್ತು. ಭಾನುವಾರ ಸಂಜೆ ಮಳೆ ಬಂದಿತ್ತು. ಆ ವರ್ಷದ ಮೊದಲ ಮಳೆ, ದೊಡ್ಡ ಹನಿ, ಮಣ್ಣಿನ ವಾಸನೆ. ಕಲ್ಯಾಣಿಗೆ ಹೊಸ ನೀರು ಬಿದ್ದು ರಾತ್ರಿಯೇ ಮೀನು ಮೊಟ್ಟೆ ಇಟ್ಟಿರಬೇಕು, ಬೆಳಗ್ಗೆ ಹಸಿದಿರಬೇಕು. ಮೆಟ್ಟಿಲು ಒದ್ದೆಯಾಗಿದ್ದದ್ದು, ಅವ್ವ ಜಾರದಿರಲೆಂದು ನಾನು ಅವಳ ತೋಳು ಹಿಡಿದದ್ದು ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಎಷ್ಟೋ ವರ್ಷ ಇದನ್ನೇ ಹೇಳಿಕೊಂಡು ಬಂದೆ.

ಒಮ್ಮೆ ಅತ್ತಿಗೆಯ ಮುಂದೆ ಹೇಳಿದೆ. ಆಗ ಅವಳಿಗೆ ಮೊಮ್ಮಕ್ಕಳಾಗಿದ್ದವು. ಅವಳು ತಲೆಯಾಡಿಸಿದಳು.

"ಎಲ್ಲಿಯ ಮಳೆ? ಮೆಟ್ಟಿಲು ಕಾದಿತ್ತು. ಕೂತು ಉಂಡವಳು ನಾನು. ಸೀರೆ ಸುಟ್ಟಂಗಾಗಿತ್ತು."

"ನಿಮಗೆ ಆ ಹೊತ್ತಲ್ಲಿ ಎಲ್ಲಿ ಜ್ಞಾನ ಇತ್ತು ಅತ್ತಿಗೆ."

"ನಂಗೆ ಇದ್ದಷ್ಟು ಜ್ಞಾನ ಅವತ್ತು ಯಾರಿಗಿತ್ತು?" ಎಂದಳು.

ಅವಳನ್ನು ಸುಳ್ಳು ಮಾಡಲೆಂದೇ ಹಳೆಯ ಪಂಚಾಂಗ ಹುಡುಕಿ ತಾರೀಖು ಹಿಡಿದು ಹೊಸಕೋಟೆಯ ತಾಲ್ಲೂಕು ಕಚೇರಿಗೆ ಹೋದೆ. ಮಳೆಯ ಲೆಕ್ಕದ ಹಳೆಯ ಪುಸ್ತಕಗಳನ್ನು ಒಬ್ಬ ಗುಮಾಸ್ತ ಧೂಳು ಕೊಡವಿ ತೆಗೆದುಕೊಟ್ಟ. ನಮ್ಮ ಹೋಬಳಿಯ ಪುಟವನ್ನು ಎರಡು ಸಲ ನೋಡಿದೆ, ಮೂರನೆಯ ಸಲ ಅವನ ಕೈಯಲ್ಲಿ ಓದಿಸಿದೆ. ಆ ಸೋಮವಾರದ ಹಿಂದಿನ ವಾರವಾಗಲಿ ಮುಂದಿನ ವಾರವಾಗಲಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ.